ಸೆಲ್ಫ್ ತಿರುಗುತ್ತದೆ, ಪ್ಲಗ್‌ಗೆ ಕರೆಂಟ್ ಬರುತ್ತಿಲ್ಲ: ಅನುಭವ ಇದ್ದವರು ಹೇಳಿ

ಪ್ರಶ್ನೆ, ಕಲಬುರಗಿಯ ಸೇಡಂ ರಸ್ತೆಯಿಂದ:

ಅಪ್ಪನ ಕಾಲದ ಮಾರುತಿ 800, ಕಾರ್ಬುರೇಟರ್ ಗಾಡಿ. ಸೆಲ್ಫ್ ಜೋರಾಗಿ ತಿರುಗುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಪೆಟ್ರೋಲ್ ಇದೆ. ಮಿಸ್ತ್ರಿ ಪ್ಲಗ್ ಬಿಚ್ಚಿ ಇಂಜಿನ್‌ಗೆ ತಾಗಿಸಿ ಸೆಲ್ಫ್ ಹೊಡೆಸಿದರು, ಸ್ಪಾರ್ಕ್ ಇಲ್ಲವೇ ಇಲ್ಲ. ಹೋದ ವಾರ ನಾಲ್ಕು ಮಂದಿ ತಳ್ಳಿದಾಗ ಸ್ಟಾರ್ಟ್ ಆಗಿತ್ತು. ಬ್ಯಾಟರಿ ಡೌನ್ ಅಂತ ಹೊಸದು ಹಾಕಿಸಿದೆ, ಆಮೇಲೆ ಬ್ಯಾಟರಿ ಕರೆಂಟನ್ನು ಕಿಡಿ ಹಾರುವಷ್ಟು ಏರಿಸುವ ಕಾಯಿಲ್ ಹಾಕಿಸಿದೆ. ಈಗ ಅದನ್ನು ಒಂದೊಂದು ಪ್ಲಗ್‌ಗೆ ಸರದಿಯಲ್ಲಿ ಹಂಚುವ ಡಿಸ್ಟ್ರಿಬ್ಯೂಟರ್ ಪೂರಾ ಬದಲಿಸಬೇಕಂತೆ. ಹಾಕಿಸಲೋ ಬೇಡವೋ?

ಒಬ್ಬರು, ಗಂಜ್ ಕಡೆಯಿಂದ:

ಅಣ್ಣಾ, ಸ್ವಲ್ಪ ತಡೀರಿ. ನಾನೂ ಹೀಗೇ ಒಂದೊಂದೇ ಸಾಮಾನು ಬದಲಿಸುತ್ತಾ ಹೋಗಿ ದುಡ್ಡು ಕಳೆದುಕೊಂಡವನು. ಕರೆಂಟ್ ಎಲ್ಲಿವರೆಗೆ ಬಂದು ನಿಂತಿದೆ ಅಂತ ಮೊದಲು ನೋಡಿ.

ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿಗೆ ಒಂದು ದಪ್ಪ ವೈರ್ ಹೋಗುತ್ತದೆ. ಅದನ್ನು ಮುಚ್ಚಳದಿಂದ ಕಿತ್ತು, ತುದಿಗೆ ಒಂದು ಒಳ್ಳೆ ಪ್ಲಗ್ ಸಿಕ್ಕಿಸಿ. ಪ್ಲಗ್‌ನ ಲೋಹ ಇಂಜಿನ್‌ಗೆ ಗಟ್ಟಿಯಾಗಿ ತಾಗುವಂತೆ ಇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಸುತ್ತ ಪೆಟ್ರೋಲ್ ಸೋರಿರಬಾರದು. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಕೈಯಲ್ಲಿ ಮಾತ್ರ ಹಿಡಿಯಬೇಡಿ, ಅಲ್ಲಿ ಬರುವುದು 20,000 ವೋಲ್ಟ್ ಆಸುಪಾಸು. ವೈರನ್ನು ಸುಮ್ನೆ ಗಾಳಿಗೆ ಬಿಟ್ಟು ಸೆಲ್ಫ್ ಹೊಡೆದರೂ ಕಾಯಿಲ್ ಒಳಗೇ ಕೆಡಬಹುದು.

ಅಲ್ಲಿ ನೀಲಿ ಕಿಡಿ ಚಟಚಟ ಅಂದರೆ ಕಾಯಿಲ್ ಸರಿ ಇದೆ. ತಪ್ಪು ಅದರಿಂದ ಮುಂದೆ, ಮುಚ್ಚಳದಲ್ಲೋ ಅದರೊಳಗೆ ತಿರುಗುವ ರೋಟರ್‌ನಲ್ಲೋ. ನನ್ನದು ಅದೇ ಆಗಿತ್ತು. ಮೊದಲ ಮಳೆ ಬಿದ್ದ ಬೆಳಿಗ್ಗೆ ಹುಮನಾಬಾದ್ ರಸ್ತೆಯಲ್ಲಿ ನಿಂತುಬಿಟ್ಟಿತು. ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದು ನೋಡಿದರೆ ಒಳಗೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಕೂದಲಷ್ಟು ಸಣ್ಣ ಕಪ್ಪು ಗೆರೆ. ಕಿಡಿ ಆ ಗೆರೆ ಹಿಡಿದು ಇಳಿದು ಹೋಗುತ್ತಿತ್ತು, ಪ್ಲಗ್‌ವರೆಗೆ ಬರುತ್ತಲೇ ಇರಲಿಲ್ಲ. ಉಜ್ಜಿ ಒರೆಸಿ ಹಾಕಿದೆ, ಎರಡು ದಿನ ಓಡಿತು, ಮತ್ತೆ ಅದೇ ಗೆರೆ. ಕೊನೆಗೆ ಹೊಸ ಮುಚ್ಚಳ ಹಾಕಿದೆ. ಮುಚ್ಚಳದ ನಡುವೆ ಸ್ಪ್ರಿಂಗ್ ಮೇಲೆ ಕೂತ ಸಣ್ಣ ಕಾರ್ಬನ್ ತುಂಡು ಇರುತ್ತದೆ. ಅದು ಮುರಿದಿದ್ದರೂ ಹೀಗೇ ಆಗುತ್ತದೆ.

ದಪ್ಪ ವೈರ್‌ನಲ್ಲೇ ಕಿಡಿ ಇಲ್ಲದಿದ್ದರೆ ಮುಚ್ಚಳ ತೆಗೆದು ಸೆಲ್ಫ್ ಹೊಡೆಸಿ, ರೋಟರ್ ತಿರುಗುತ್ತದಾ ನೋಡಿ. ತಿರುಗದಿದ್ದರೆ ಅದಕ್ಕೆ ಇಂಜಿನ್‌ನಿಂದ ತಿರುಗು ಕೊಡುವ ಟೈಮಿಂಗ್ ಬೆಲ್ಟ್ ಹರಿದಿರಬಹುದು, ಆಮೇಲೆ ಸೆಲ್ಫ್ ಹೊಡೆಯಲೇ ಬೇಡಿ. ತಿರುಗುತ್ತಿದ್ದರೆ ಟೆಸ್ಟ್ ಲ್ಯಾಂಪ್ ತಗೊಳ್ಳಿ. ಅದರ ಕ್ಲಿಪ್ ಗಾಡಿ ಬಾಡಿಯ ಲೋಹಕ್ಕೆ, ಮೊನೆ ಕಾಯಿಲ್‌ನ ಪ್ಲಸ್‌ಗೆ. ಕೀ ಆನ್ ಮಾಡಿದರೆ ಉರಿಯಬೇಕು. ಆಮೇಲೆ ಮೊನೆ ಮೈನಸ್‌ಗೆ ಇಟ್ಟು ಸೆಲ್ಫ್ ಹೊಡೆಸಿ. ಲ್ಯಾಂಪ್ ಮಿಣುಕಿದರೆ ಡಿಸ್ಟ್ರಿಬ್ಯೂಟರ್ ತನ್ನ ಕೆಲಸ ಮಾಡುತ್ತಿದೆ, ಕಾಯಿಲ್ ಮೇಲೆ ಅನುಮಾನ ಪಡಬೇಕು. ಮಿಣುಕದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್ ಸವೆದಿದೆ, ಇಲ್ಲ ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹೋಗಿದೆ. ಅಲ್ಲಿಗೆ ಬಂದ ಮೇಲೆ ಡಿಸ್ಟ್ರಿಬ್ಯೂಟರ್ ಮಾತು.

ಇನ್ನೊಬ್ಬರು, ಆಳಂದದಿಂದ:

ಮೇಲಿನವರು ಹೇಳಿದ್ದು ಸರಿ. ಆದರೆ ತಳ್ಳಿದಾಗ ಸ್ಟಾರ್ಟ್ ಆಯಿತು ಅಂದಿರಲ್ಲ, ಆ ಮಾತನ್ನ ನಿಮ್ಮ ಮಿಸ್ತ್ರಿ ಕಿವಿಗೇ ಹಾಕಿಕೊಂಡಿಲ್ಲ. ಸೆಲ್ಫ್ ಜೋರಾಗಿ ತಿರುಗುತ್ತಿದ್ದರೆ ಬ್ಯಾಟರಿ ಹೇಗೆ ಡೌನ್ ಆಗುತ್ತೆ ಹೇಳಿ? ತಳ್ಳುವಾಗ ಕೀ ಆನ್‌ನಲ್ಲಿ ಇರುತ್ತದೆ, ಸೆಲ್ಫ್ ಹೊಡೆಯುವಾಗ ಮುಂದಕ್ಕೆ ತಿರುಗಿರುತ್ತದೆ. ಆನ್‌ನಲ್ಲಿ ಕಾಯಿಲ್‌ಗೆ ಕರೆಂಟ್ ಬರುತ್ತಿರಬೇಕು, ಮುಂದೆ ತಿರುಗಿಸಿದ ಕೂಡಲೇ ಹೋಗುತ್ತಿರಬೇಕು. ಟ್ಯಾಕ್ಸಿ ಓಡಿಸುವಾಗ ಎರಡು ಗಾಡಿಯಲ್ಲಿ ಇದನ್ನೇ ನೋಡಿದ್ದೇನೆ. ಪ್ಲಸ್‌ಗೆ ಲ್ಯಾಂಪ್ ಇಟ್ಟವರು ಕೀ ಆನ್ ಮಾಡಿ, ಉರಿಯಿತು ಅಂತ ಎದ್ದುಬಿಡುತ್ತಾರೆ. ಸೆಲ್ಫ್ ಹೊಡೆಯುವಾಗಲೂ ಉರಿಯುತ್ತಾ ಇರಬೇಕು, ಅದನ್ನ ನೋಡಿ. ಇನ್ನೊಂದು: ಕೀ ಕೈ ಬಿಡುವ ಕ್ಷಣಕ್ಕೆ ಇಂಜಿನ್ ಒಮ್ಮೆ ಕೆಮ್ಮುತ್ತದಾ?

ಮತ್ತೊಬ್ಬರು, ಜೇವರ್ಗಿಯಿಂದ:

ನನ್ನದು ಇಂಜೆಕ್ಷನ್ ಗಾಡಿ, ಡಿಸ್ಟ್ರಿಬ್ಯೂಟರೇ ಇಲ್ಲ. ಹೊಸ ಗಾಡಿಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಗೊತ್ತಲ್ಲ. ಮಧ್ಯಾಹ್ನ ಓಡುತ್ತಾ ಓಡುತ್ತಾ ಆಫ್ ಆಗೋದು, ಬೇವಿನ ಮರದ ನೆರಳಿಗೆ ಅರ್ಧ ಗಂಟೆ ನಿಲ್ಲಿಸಿದರೆ ತಾನೇ ಸ್ಟಾರ್ಟ್ ಆಗೋದು. ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೈ ಕೊಡುತ್ತಿತ್ತು. ಇಂಜಿನ್ ತಿರುಗುತ್ತಿದೆ ಅನ್ನೋ ಸುದ್ದಿಯೇ ಕಂಪ್ಯೂಟರ್‌ಗೆ ಸಿಗದಿದ್ದರೆ ಅದು ಸ್ಪಾರ್ಕ್ ಕೊಡುವುದಿಲ್ಲ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲ್ಲಾಡದೆ ಸತ್ತ ಹಾಗೆ ಬಿದ್ದಿತ್ತು, ಅಲ್ಲೇ ಅನುಮಾನ ಬಂತು. ಡೀಸೆಲ್‌ನವರು ಇದನ್ನೆಲ್ಲ ಹುಡುಕಬೇಡಿ, ಅದಕ್ಕೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ.

ಹಾಂ, ತೊಗರಿ ಚೀಲ ಇಟ್ಟ ಶೆಡ್‌ನಲ್ಲಿ ಗಾಡಿ ನಿಲ್ಲಿಸುವವರು ವೈರ್‌ಗಳನ್ನ ಒಮ್ಮೆ ಕೈಯಾಡಿಸಿ ನೋಡಿ. ತೊಗರಿ ತಿಂದ ಇಲಿ ಬಾಯಿ ಚಪ್ಪರಿಸೋಕೆ ವೈರ್ ಕಡೀತದೆ!

ಪ್ರಶ್ನೆ ಕೇಳಿದವರು, ಎರಡು ದಿನ ಬಿಟ್ಟು:

ಆಳಂದದ ಅಣ್ಣಾ, ನೀವು ಹೇಳಿದ್ದೇ ಆಯಿತು. ನನ್ನ ಮಗಳನ್ನ ಸೀಟಿನಲ್ಲಿ ಕೂರಿಸಿ ನಾನು ಬಾನೆಟ್ ಒಳಗೆ ಲ್ಯಾಂಪ್ ಹಿಡಿದೆ. ಕೀ ಆನ್, ಲ್ಯಾಂಪ್ ಝಗ್ಗನೆ ಉರಿಯಿತು. ಸೆಲ್ಫ್ ಹೊಡೆದಳು, ಪಟ್ಟನೆ ಆರಿತು. ಬಿಟ್ಟಳು, ಮತ್ತೆ ಉರಿಯಿತು, ಇಂಜಿನ್ ಒಂದು ಸಲ ಕೆಮ್ಮಿತು ಕೂಡ. ಈ ಕೆಮ್ಮನ್ನ ತಿಂಗಳಿಂದ ಕೇಳುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ.

ಕೀ ಸ್ವಿಚ್ ಒಳಗಿನ ಕಾಂಟ್ಯಾಕ್ಟ್ ಸವೆದಿತ್ತು. ಬೀಗ ಹಳೆಯದೇ ಉಳಿಯಿತು, ಹಿಂದಿನ ಸ್ವಿಚ್ ಭಾಗ ಮಾತ್ರ ಬದಲಿಸಿದರು. ಈಗ ಅರ್ಧ ಸೆಲ್ಫ್‌ಗೇ ಸ್ಟಾರ್ಟ್. ತಡೆಯಲಾಗದೆ ಹಳೇ ಕಾಯಿಲ್ ಕೂಡ ಹಾಕಿ ನೋಡಿದೆ. ಅದೂ ಚೆನ್ನಾಗೇ ಇದೆ. ಡಿಕ್ಕಿಯಲ್ಲಿ ಇಟ್ಟಿದ್ದೇನೆ, ಯಾರಿಗಾದರೂ ಬೇಕಿದ್ದರೆ ಹೇಳಿ.