ಕಾಲುಚೀಲದಲ್ಲಿ ಉಳಿದ ಬಣ್ಣಬಣ್ಣದ ಉಣ್ಣೆಯಿಂದ ಮಗುವಿಗೆ ಸ್ವೆಟರ್, ಕುಲಾವಿ ಹೆಣೆಯಬಹುದಾ?

ಬಣ್ಣದುಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾಲುಚೀಲ ಹೆಣೆಯುವುದು ನನಗೆ ತುಂಬಾ ಇಷ್ಟದ ಕೆಲಸ. ಪ್ರತಿ ಜೊತೆ ಮುಗಿದಾಗಲೂ ಉಂಡೆಯಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಒಂದರಲ್ಲಿ 40 ಗ್ರಾಂ, ಇನ್ನೊಂದರಲ್ಲಿ 15 ಗ್ರಾಂ, ಹೀಗೆ. ಇನ್ನೊಂದು ಜೊತೆಗೆ ಸಾಲುವುದಿಲ್ಲ, ಎಸೆಯಲು ಮನಸ್ಸು ಬರುವುದಿಲ್ಲ. ಈಗ ಒಂದು ಬುಟ್ಟಿಯೇ ತುಂಬಿದೆ. ಹಳದಿ, ಕಡುಗೆಂಪು, ಗಿಳಿಹಸಿರು, ನೇರಳೆ, ಜೊತೆಗೆ ಹೆಣೆಯುತ್ತಾ ಹೋದಂತೆ ತಾನಾಗೇ ಪಟ್ಟೆ ಬರುವ ನೂಲು ಬೇರೆ.

ನನ್ನ ತಂಗಿಗೆ ಇನ್ನು ಕೆಲವು ತಿಂಗಳಲ್ಲಿ ಹೆರಿಗೆ. ಈ ಉಣ್ಣೆಯಲ್ಲೇ ಕೂಸಿಗೆ ಒಂದು ಸ್ವೆಟರ್, ಒಂದೆರಡು ಕುಲಾವಿ ಮಾಡೋಣ ಅಂತ ಆಸೆ. ಆದರೆ ಕೆಲವು ಅನುಮಾನ ಇವೆ. ಎಷ್ಟು ಗ್ರಾಂ ಬೇಕಾಗುತ್ತದೆ? ಇಷ್ಟೊಂದು ಬಣ್ಣ ಒಟ್ಟಿಗೆ ಹಾಕಿದರೆ ಗಜಿಬಿಜಿ ಆಗಿ ಕಾಣುವುದಿಲ್ವಾ? ಕಾಲುಚೀಲದ ಉಣ್ಣೆಯಲ್ಲಿ ನೈಲಾನ್ ಇರುತ್ತದಲ್ಲ, ಅದು ಮಗುವಿನ ಮೈಗೆ ಚುಚ್ಚುತ್ತದಾ? ಮತ್ತೆ ಅಷ್ಟೊಂದು ತುದಿಗಳನ್ನು ಒಳಗೆ ಸೇರಿಸಬೇಕಲ್ಲ, ಅದಕ್ಕೇನಾದರೂ ಸುಲಭದ ದಾರಿ ಇದೆಯಾ? ಮಾಡಿದವರು ಯಾರಾದರೂ ಹೇಳಿ, ದಯವಿಟ್ಟು.

ಸಾಲುಸುತ್ತು ಉತ್ತರಿಸಿದ್ದು:

ಖಂಡಿತ ಮಾಡಿ. ಮಗುವಿನ ಬಟ್ಟೆಗೆ ಕಾಲುಚೀಲದ ಉಣ್ಣೆಗಿಂತ ಒಳ್ಳೆಯದು ಸಿಗುವುದು ಕಷ್ಟ. ಸಾಮಾನ್ಯವಾಗಿ ಅದರಲ್ಲಿ 75 ಭಾಗ ಉಣ್ಣೆ, 25 ಭಾಗ ನೈಲಾನ್ ಇರುತ್ತದೆ. ಹೆಚ್ಚಿನದು ಸೂಪರ್‌ವಾಶ್, ಅಂದರೆ ಉಣ್ಣೆಯ ಎಳೆಯ ಮೇಲಿರುವ ಸಣ್ಣ ಸಣ್ಣ ಪೊರೆಗಳು ಒಂದಕ್ಕೊಂದು ಕಚ್ಚಿಕೊಳ್ಳದ ಹಾಗೆ ಸಂಸ್ಕರಿಸಿರುತ್ತಾರೆ, ಹಾಗಾಗಿ ಒಗೆದಾಗ ಕುಗ್ಗಿ ಗಟ್ಟಿಯಾಗುವುದಿಲ್ಲ. ಮಗುವಿನ ಬಟ್ಟೆ ಎಷ್ಟು ಸಲ ಒಗೆಯಬೇಕು ಅಂತ ಗೊತ್ತಲ್ಲ! ಚುಚ್ಚುತ್ತದಾ ಅನ್ನುವುದಕ್ಕೆ ಒಂದೇ ಪರೀಕ್ಷೆ. ಪುಟ್ಟ ತುಂಡು ಹೆಣೆದು, ಒಗೆದು ಒಣಗಿಸಿ, ನಿಮ್ಮ ಕತ್ತಿನ ಹತ್ತಿರ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಅಂಗೈಗೆ ಮೆತ್ತಗೆ ಅನ್ನಿಸಿದ್ದು ಕತ್ತಿಗೆ ಕೆರೆತ ಬರಿಸಬಹುದು. ಅಂಥದ್ದನ್ನು ಕಾಲುಚೀಲಕ್ಕೇ ಇಟ್ಟುಬಿಡಿ.

ಮೊದಲು ಕುಲಾವಿ ಮಾಡಿ, ಬೇಗ ಮುಗಿಯುತ್ತದೆ. ಆಗ ತಾನೇ ಹುಟ್ಟಿದ ಮಗುವಿನ ಕುಲಾವಿಗೆ 20ರಿಂದ 25 ಗ್ರಾಂ ಸಾಕು. ಲೆಕ್ಕ ಹೀಗೆ. ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಇರುತ್ತದೆ. ಟೋಪಿ ತಲೆಗಿಂತ ಸ್ವಲ್ಪ ಚಿಕ್ಕದಿದ್ದರೇ ಜಾರದೆ ನಿಲ್ಲುವುದು, ಅದಕ್ಕೆ 32 ಸೆಂ.ಮೀ. ಇಟ್ಟುಕೊಳ್ಳಿ. ನಿಮ್ಮ ಹೆಣಿಗೆಯಲ್ಲಿ 10 ಸೆಂ.ಮೀ.ಗೆ 30 ಹೊಲಿಗೆ (ಕಡ್ಡಿಯ ಮೇಲಿನ ಕುಣಿಕೆ) ಬಂದರೆ 96 ಹೊಲಿಗೆ ಹಾಕಿ. 96 ತುಂಬಾ ಅನುಕೂಲದ ಸಂಖ್ಯೆ, 2 ನಿಟ್ (ಸೀದಾ) 2 ಪರ್ಲ್ (ಉಲ್ಟಾ) ಬರುವ ಹಿಗ್ಗುವ ಅಂಚಾದ ರಿಬ್‌ಗೂ ಹೊಂದುತ್ತದೆ, ನೆತ್ತಿಯಲ್ಲಿ 12ರ 8 ಭಾಗ ಮಾಡಲೂ ಬರುತ್ತದೆ. 3 ಸೆಂ.ಮೀ. ರಿಬ್, ಆಮೇಲೆ ಒಟ್ಟು 9 ಸೆಂ.ಮೀ. ಆಗುವವರೆಗೆ ಸಾದಾ ಹೆಣಿಗೆ. ಅಲ್ಲಿಂದ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಪ್ರತಿ ಭಾಗಕ್ಕೆ ಒಂದೊಂದು ಹೊಲಿಗೆ ಕಡಿಮೆ ಮಾಡುತ್ತಾ ಬನ್ನಿ. ಕೊನೆಗೆ 8 ಹೊಲಿಗೆ ಉಳಿದಾಗ ನೂಲು ಕತ್ತರಿಸಿ, ಅವುಗಳ ಒಳಗೆ ತೂರಿಸಿ ಬಿಗಿಯಾಗಿ ಎಳೆದುಬಿಡಿ.

ಸ್ವೆಟರ್‌ಗೆ 6 ತಿಂಗಳ ಅಳತೆಗಾದರೆ ಸುಮಾರು 120-150 ಗ್ರಾಂ ಬೇಕು. ಮನೆಯಲ್ಲಿ ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆ ತಕ್ಕಡಿ ಇದ್ದರೆ ಎಲ್ಲ ಉಂಡೆಗಳನ್ನೂ ತೂಗಿ, ಚೀಟಿ ಅಂಟಿಸಿ. ಕತ್ತಿನಿಂದ ಕೆಳಕ್ಕೆ ಹೆಣೆಯುವ ಸ್ವೆಟರ್ ಆಯ್ಕೆ ಮಾಡಿಕೊಳ್ಳಿ, ಉಳಿಕೆ ಉಣ್ಣೆಗೆ ಅದೇ ಸರಿ. ಕಂಕುಳದ ಹತ್ತಿರ ಬಂದಾಗ ಮೈ ಭಾಗ ಬಿಟ್ಟು ಮೊದಲು ಎರಡೂ ತೋಳು ಮುಗಿಸಿ. ತೋಳಿಗೆ ಬೇಕಾದ ಪ್ರತಿ ಬಣ್ಣವನ್ನೂ ತೂಗಿ ಎರಡು ಸಮಪಾಲು ಮಾಡಿ ಮೊದಲೇ ಎತ್ತಿಡಿ. ಆಮೇಲೆ ಉಳಿದದ್ದೆಲ್ಲ ಮೈಗೆ. ಅದು ಎರಡು ಸೆಂ.ಮೀ. ಗಿಡ್ಡವಾದರೂ ಯಾರಿಗೂ ಗೊತ್ತಾಗುವುದಿಲ್ಲ, ಒಂದು ತೋಳು ಬೇರೆ ಬಣ್ಣದಲ್ಲಿ ಮುಗಿದರೆ ಎಲ್ಲರಿಗೂ ಕಾಣುತ್ತದೆ.

ಗಿಳಿಹಸಿರು ಉತ್ತರಿಸಿದ್ದು:

ಬಣ್ಣದ ಪ್ರಶ್ನೆಗೆ ನಾನು ಹೇಳುತ್ತೇನೆ, ಇದು ನನಗೆ ತುಂಬಾ ಪ್ರೀತಿಯ ವಿಷಯ.

ಬಣ್ಣ ಜಾಸ್ತಿ ಇದೆ ಅನ್ನುವ ಕಾರಣಕ್ಕೆ ಗಜಿಬಿಜಿ ಆಗುವುದಿಲ್ಲ ಅಕ್ಕ. ಕಣ್ಣಿಗೆ ನಿಲ್ಲಲು ಒಂದು ಜಾಗ ಇಲ್ಲದಿದ್ದಾಗ ಹಾಗಾಗುತ್ತದೆ. ಒಂದು ಬಣ್ಣವನ್ನು ಮನೆಯ ಯಜಮಾನನ ಹಾಗೆ ಉದ್ದಕ್ಕೂ ಇಟ್ಟುಕೊಳ್ಳಿ. ಕೆನೆಬಿಳಿ, ಬೂದಿ, ಕಡುನೀಲಿ, ಯಾವುದಾದರೂ ಸರಿ. ಕತ್ತಿನ ಪಟ್ಟಿ, ಗುಂಡಿ ಪಟ್ಟಿ, ತೋಳಿನ ತುದಿ, ಕೆಳ ಅಂಚು ಎಲ್ಲ ಅದೇ ಬಣ್ಣ. ನಡುವೆ ಬೇರೆ ಬಣ್ಣಗಳು ಬಂದು ಹೋಗಲಿ. ಬೇಕಿದ್ದರೆ ಈ ಒಂದು ಬಣ್ಣವನ್ನು ಮಾತ್ರ ಹೊಸದಾಗಿ 50 ಗ್ರಾಂ ತಂದುಕೊಳ್ಳಿ, ಉಳಿದದ್ದೆಲ್ಲ ಬುಟ್ಟಿಯಿಂದ.

ಎರಡನೆಯದು, ಬಣ್ಣಕ್ಕಿಂತ ತಿಳಿ ಯಾವುದು, ಗಾಢ ಯಾವುದು ಅನ್ನುವುದನ್ನು ನೋಡಿ. ಉಂಡೆಗಳನ್ನೆಲ್ಲ ಸಾಲಾಗಿ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಕಡುಗೆಂಪು ಮತ್ತು ಕಡುಹಸಿರು ಎದುರಿಗೆ ನೋಡಿದರೆ ಎಷ್ಟು ಬೇರೆ ಬೇರೆ, ಫೋಟೋದಲ್ಲಿ ಎರಡೂ ಒಂದೇ ಬೂದಿ ಬಣ್ಣ ಬರಬಹುದು. ಪಟ್ಟೆ ಎದ್ದು ಕಾಣಬೇಕಾದರೆ ಆ ಫೋಟೋದಲ್ಲಿ ದೂರ ಇರುವ ಎರಡನ್ನು ಪಕ್ಕಪಕ್ಕ ಹಾಕಿ. ಒಂದರಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರಬೇಕಾದರೆ ಹತ್ತಿರ ಇರುವ ಎರಡನ್ನು.

ತಾನಾಗೇ ಪಟ್ಟೆ ಬರುವ ನೂಲು ಇದೆ ಅಂದಿರಲ್ಲ, ಅದನ್ನು ಇನ್ನೊಂದು ಪಟ್ಟೆ ನೂಲಿನ ಜೊತೆ ಸೇರಿಸಬೇಡಿ, ಎರಡೂ ಮಾತಾಡಲು ಹೊರಟು ಯಾವುದೂ ಕೇಳಿಸುವುದಿಲ್ಲ. ಅದರ ಎರಡು ಸಾಲು, ಒಂದೇ ಬಣ್ಣದ ನೂಲಿನ ಎರಡು ಸಾಲು, ಹೀಗೆ ಮಾಡುತ್ತಾ ಹೋಗಿ. ಬಣ್ಣಗಳು ತಾವೇ ಬದಲಾಗುತ್ತಾ ಹೋಗುತ್ತವೆ, ನೂಲು ಕತ್ತರಿಸುವ ಕೆಲಸವೇ ಇಲ್ಲ, ಬದಿಯಲ್ಲೇ ಮೇಲಕ್ಕೆ ಎಳೆದುಕೊಂಡರೆ ಆಯಿತು. 30 ಗ್ರಾಂ ಪಟ್ಟೆ ನೂಲು ಈ ರೀತಿ ಎರಡರಷ್ಟು ದೂರ ಬರುತ್ತದೆ. ಹೀಗೆ ಮಾಡಿದ ಸ್ವೆಟರ್ ನೋಡಿದವರು ಎಷ್ಟು ನೂಲು ಬದಲಾಯಿಸಿದಿರಿ ಅಂತ ಕೇಳಿಯೇ ಕೇಳುತ್ತಾರೆ!

ಗಾರ್ಟರ್‌ಮನೆ ಉತ್ತರಿಸಿದ್ದು:

ನನ್ನ ಮಾತು ಒಂದೇ. ಗಾರ್ಟರ್ ಹೆಣಿಗೆ, ಅಂದರೆ ಎರಡೂ ಬದಿ ನಿಟ್ ಮಾತ್ರ. ಬೇರೆ ಬೇರೆ ಕಂಪನಿಯ ಉಂಡೆಗಳು ಒಂದೇ ದಪ್ಪ ಇರುವುದಿಲ್ಲ. 100 ಗ್ರಾಂಗೆ ಕೆಲವು 360 ಮೀಟರ್, ಕೆಲವು 420, ಇನ್ನೂ ತೆಳ್ಳಗಿನವೂ ಇವೆ. ಸಾದಾ ಹೆಣಿಗೆಯಲ್ಲಿ ಈ ವ್ಯತ್ಯಾಸ ಕಾಣುತ್ತದೆ, ಗಾರ್ಟರ್ ಅದನ್ನು ನುಂಗಿಕೊಳ್ಳುತ್ತದೆ. ಅಂಚು ಸುರುಳಿ ಆಗುವುದಿಲ್ಲ. ಚೆನ್ನಾಗಿ ಹಿಗ್ಗುತ್ತದೆ, ಮಗು ಬೆಳೆದ ಹಾಗೆ ಬಟ್ಟೆಯೂ ಕೊಂಚ ದಿನ ಜೊತೆ ಕೊಡುತ್ತದೆ.

ಹೆಣಿಗೆ ವಿನ್ಯಾಸಗಾರ್ತಿ ಎಲಿಜಬೆತ್ ಜಿಮ್ಮರ್‌ಮನ್ 1968ರಲ್ಲಿ ಮಾಡಿದ ಬೇಬಿ ಸರ್‌ಪ್ರೈಸ್ ಜಾಕೆಟ್ ಅಂತ ಒಂದು ವಿನ್ಯಾಸ ಇದೆ, ಉಳಿಕೆ ಉಣ್ಣೆಗೆ ಅಂತಲೇ ಹುಟ್ಟಿದ್ದೇನೋ ಅನ್ನಿಸುತ್ತದೆ. ಪೂರ್ತಿ ಗಾರ್ಟರ್. ಹೆಣೆಯುವಾಗ ಅದು ಏನು ಅಂತಲೇ ಅರ್ಥವಾಗುವುದಿಲ್ಲ, ವಿಚಿತ್ರ ಆಕಾರದ ಒಂದೇ ತುಂಡು, ಎರಡು ಕಡೆ ಹೊಲಿಗೆ ಕಡಿಮೆ ಮಾಡುತ್ತಾ ಮತ್ತೆ ಜಾಸ್ತಿ ಮಾಡುತ್ತಾ ಹೋಗುತ್ತೀರಿ. ಕೊನೆಯಲ್ಲಿ ಮಡಚಿ ಭುಜದ ಮೇಲೆ ಎರಡು ಕಡೆ ಹೊಲಿದರೆ ಸ್ವೆಟರ್! ಮೂಲೆ ತಿರುಗುವಲ್ಲಿ ಪಟ್ಟೆಗಳೂ ಜೊತೆಗೇ ತಿರುಗುತ್ತವೆ, ಆ ಚೆಂದವನ್ನು ನೋಡಿಯೇ ತಿಳಿಯಬೇಕು. ಒಂದೇ ಎಚ್ಚರಿಕೆ, ಬಣ್ಣವನ್ನು ಯಾವಾಗಲೂ ಒಂದೇ ಬದಿಯಿಂದ ಬದಲಾಯಿಸಿ. ಹಾಗೆ ಮಾಡಿದರೆ ಒಂದು ಬದಿಯಲ್ಲಿ ಗೆರೆ ನೇರ ಬರುತ್ತದೆ, ಇನ್ನೊಂದು ಬದಿಯಲ್ಲಿ ಎರಡು ಬಣ್ಣ ಚುಕ್ಕೆಚುಕ್ಕೆಯಾಗಿ ಬೆರೆಯುತ್ತವೆ.

ತುದಿಗಳ ಬಗ್ಗೆ: ಕೊನೆಗೆ ಮಾಡೋಣ ಅಂತ ಬಿಡಲೇಬೇಡಿ. ಹೊಸ ಬಣ್ಣ ಶುರು ಮಾಡಿದ ತಕ್ಷಣ ಹಳೆಯ ತುದಿಯನ್ನು ಹಿಂದಿನಿಂದ ಏಳೆಂಟು ಹೊಲಿಗೆ ದೂರ ಸಿಕ್ಕಿಸುತ್ತಾ ಹೆಣೆಯಿರಿ. ಎಂಜಲು ಅಥವಾ ನೀರು ಹಚ್ಚಿ ಅಂಗೈಯಲ್ಲಿ ಉಜ್ಜಿ ಸೇರಿಸುವ ಉಪಾಯ ಸೂಪರ್‌ವಾಶ್ ಉಣ್ಣೆಗೆ ಕೆಲಸ ಮಾಡುವುದಿಲ್ಲ. ಗಂಟಂತೂ ಬೇಡವೇ ಬೇಡ. ಮಗು ಮಲಗಿಯೇ ಇರುತ್ತದಲ್ಲ, ಬೆನ್ನಿಗೆ ಒತ್ತುತ್ತದೆ.

ಬಣ್ಣದುಂಡೆ ಬರೆದದ್ದು:

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ ಎಲ್ಲರೂ! ಕಪ್ಪು-ಬಿಳುಪು ಫೋಟೋ ಈಗಲೇ ತೆಗೆದೆ. ನೇರಳೆ, ಕಡುಗೆಂಪು ನಿಜವಾಗಿ ಒಂದೇ ಥರ ಬಂದಿವೆ. ಇನ್ನೊಂದು ಕೇಳಬೇಕು. ಕೆಲವು ಉಂಡೆಗಳ ಚೀಟಿ ಕಳೆದುಹೋಗಿದೆ. ಅದು ಸೂಪರ್‌ವಾಶ್ ಹೌದೋ ಅಲ್ಲವೋ ಹೇಗೆ ತಿಳಿಯುವುದು? ಆ ಕಡುಗೆಂಪು ಕೈಯಲ್ಲಿ ಬಣ್ಣ ಹಾಕಿದ ನೂಲು, ಕೆನೆಬಿಳಿ ಜೊತೆ ಹಾಕಲು ಭಯ. ಎರಡು ನೂಲು ಜೋಡಿಸಿ ದಪ್ಪ ಕಡ್ಡಿಯಲ್ಲಿ ಹೆಣೆದರೆ ಬೇಗ ಆಗುತ್ತದಾ?

ಸಾಲುಸುತ್ತು ಉತ್ತರಿಸಿದ್ದು:

ಒಂದು ಗೇಣು ನೂಲು ಕತ್ತರಿಸಿ, ಸಣ್ಣ ಉಂಡೆ ಮಾಡಿ, ಬಿಸಿನೀರು ಮತ್ತು ಸೋಪಿನಲ್ಲಿ ಅಂಗೈಗಳ ನಡುವೆ ಚೆನ್ನಾಗಿ ಉಜ್ಜಿ. ಎಳೆಗಳು ಬಿಡಿಬಿಡಿಯಾಗಿ ಉಳಿದರೆ ಸೂಪರ್‌ವಾಶ್. ಗಟ್ಟಿ ಗೋಲಿ ಆಗಿಬಿಟ್ಟರೆ ಅಲ್ಲ. ಎರಡನ್ನೂ ಒಂದೇ ಬಟ್ಟೆಯಲ್ಲಿ ಸೇರಿಸಬೇಡಿ. ಒಗೆದಾಗ ಒಂದು ಪಟ್ಟೆ ಕುಗ್ಗಿ ಪಕ್ಕದ್ದು ಉಬ್ಬಿ ನಿಲ್ಲುತ್ತದೆ.

ಕಡುಗೆಂಪಿಗೆ ಹೆಣೆಯುವ ಮೊದಲೇ ಪರೀಕ್ಷೆ ಮಾಡಿ. ಉಂಡೆಯನ್ನು ಸಡಿಲ ಸುರುಳಿಯಾಗಿ ಬಿಚ್ಚಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೆನೆಸಿ. ನೀರು ತಿಳಿಯಾಗುವವರೆಗೆ ಬದಲಾಯಿಸುತ್ತಾ ಇರಿ. ಆಮೇಲೆ ಒದ್ದೆ ನೂಲನ್ನು ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಗುರುತು ಬೀಳದಿದ್ದರೆ ಧೈರ್ಯವಾಗಿ ಬಳಸಿ. ತಣ್ಣೀರಿಗೆ ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವುದುಂಟು. ಆದರೆ ಉಣ್ಣೆಗೆ ಹಾಕುವ ಆಸಿಡ್ ಬಣ್ಣ ಹಿಡಿಯಲು ಹುಳಿಯ ಜೊತೆಗೆ ಬಿಸಿಯೂ ಬೇಕು, ಸುಮ್ನೆ ನೆನೆಸಿದರೆ ಸಾಲದು. ಎಷ್ಟು ತೊಳೆದರೂ ಬಣ್ಣ ಬಿಡುತ್ತಲೇ ಇದ್ದರೆ ಆ ನೂಲು ಮಗುವಿಗೆ ಬೇಡ. ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ, ತೋಳಿನ ತುದಿ ಯಾವಾಗಲೂ ಬಾಯಲ್ಲೇ.

ಜೋಡಿ ನೂಲು ನನಗೆ ಅಷ್ಟು ಇಷ್ಟವಿಲ್ಲ. ದಪ್ಪ ಆಗುತ್ತದೆ, ಪುಟ್ಟ ಕಂಕುಳಲ್ಲಿ ಒತ್ತುತ್ತದೆ, ಗ್ರಾಂ ಜಾಸ್ತಿ ತಿನ್ನುತ್ತದೆ. 3 ಮಿ.ಮೀ. ಕಡ್ಡಿಯಲ್ಲಿ ಒಂಟಿ ನೂಲಿನ ತೆಳ್ಳಗಿನ ಬಟ್ಟೆಯೇ ಮಗುವಿಗೆ ಹಿತ.

ಗಿಳಿಹಸಿರು ಉತ್ತರಿಸಿದ್ದು:

ಕಂಕುಳಿನ ಮಾತು ಒಪ್ಪುತ್ತೇನೆ. ಆದರೆ ಟೋಪಿಗೆ ಜೋಡಿ ನೂಲು ಚೆನ್ನಾಗಿಯೇ ಇರುತ್ತದೆ. 4 ಮಿ.ಮೀ. ಕಡ್ಡಿ ಸಾಕು, ಹೊಲಿಗೆಗಳು 10 ಸೆಂ.ಮೀ.ಗೆ 22ರ ಆಸುಪಾಸಿಗೆ ಇಳಿಯುತ್ತವೆ, ಒಂದೇ ಸಂಜೆಗೆ ಮುಗಿಯುವ ಕೆಲಸ. ಜೊತೆಗೆ 5 ಗ್ರಾಂ, 8 ಗ್ರಾಂನ ಚೂರುಗಳು ಖರ್ಚಾಗುವುದು ಇದರಲ್ಲೇ. ಒಂದು ಎಳೆ ಕೆನೆಬಿಳಿ ಹಾಗೇ ಇರಲಿ, ಇನ್ನೊಂದು ಎಳೆ ಮುಗಿದ ಹಾಗೆ ಬೇರೆ ಬಣ್ಣ ತನ್ನಿ. ಎರಡೂ ಎಳೆ ಬೆರೆತು ಬಣ್ಣ ಬದಲಾದ ಜಾಗವೇ ಗೊತ್ತಾಗುವುದಿಲ್ಲ.

ಸುತ್ತಿನಲ್ಲಿ ಒಂಟಿ ನೂಲಿನ ಪಟ್ಟೆ ಹಾಕುವಾಗ ಮಾತ್ರ, ಸುತ್ತು ಸೇರುವಲ್ಲಿ ಪಟ್ಟೆ ಮೆಟ್ಟಿಲು ಬಿದ್ದ ಹಾಗೆ ಏರುಪೇರಾಗುತ್ತದೆ. ಹೊಸ ಬಣ್ಣದ ಎರಡನೇ ಸುತ್ತಿನ ಮೊದಲ ಹೊಲಿಗೆಯನ್ನು ಹೆಣೆಯದೆ ಹಾಗೇ ದಾಟಿಸಿಬಿಡಿ, ಬಹುಪಾಲು ಸರಿಹೋಗುತ್ತದೆ.

ಕಿರುಗುಂಡಿ ಉತ್ತರಿಸಿದ್ದು:

ಹೆಣಿಗೆಯ ಬಗ್ಗೆ ಎಲ್ಲರೂ ಹೇಳಿದ್ದಾರೆ, ನಾನು ಮಗುವಿನ ಕಡೆಯಿಂದ ಹೇಳುತ್ತೇನೆ. ದಯವಿಟ್ಟು ಕತ್ತಿಗೆ ದಾರ, ರಿಬ್ಬನ್ ಯಾವುದೂ ಬೇಡ. ಟೋಪಿಯ ಮೇಲೆ ಉಣ್ಣೆ ಕುಚ್ಚು ನೋಡಲು ಮುದ್ದಾಗಿರುತ್ತದೆ, ಆದರೆ ಎಳೆ ಕಿತ್ತು ಬಾಯಿಗೆ ಹೋಗುತ್ತದೆ. ಗುಂಡಿ ಇಡುವುದಾದರೆ ಗಟ್ಟಿ ದಾರದಲ್ಲಿ ಹೊಲಿದು ಜೋರಾಗಿ ಎಳೆದು ನೋಡಿ. ತೂತುತೂತಿನ ವಿನ್ಯಾಸವೂ ಬೇಡ, ಸಣ್ಣ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಬಣ್ಣದ ಚಿತ್ರ ಹೆಣೆದರೆ ತೋಳಿನ ಒಳಗೆ ಉದ್ದ ಎಳೆಗಳು ಜೋತಾಡದ ಹಾಗೆ ನೋಡಿಕೊಳ್ಳಿ, ಅಲ್ಲೂ ಅದೇ ಕಷ್ಟ.

ಇನ್ನೊಂದು, ಮನೆಯೊಳಗೆ ಮಗು ಮಲಗಿದಾಗ ಟೋಪಿ ತೆಗೆದುಬಿಡಲು ತಂಗಿಗೆ ಹೇಳಿ. ಮಕ್ಕಳು ಮೈಯ ಬಿಸಿಯನ್ನು ತಲೆಯ ಮೂಲಕ ಹೊರಗೆ ಬಿಡುತ್ತಾರೆ, ಮುಚ್ಚಿದರೆ ಮೈ ತುಂಬಾ ಕಾಯುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಹೊರಡಿಸಿದ ಸಲಹೆಯಲ್ಲೂ, ಹುಟ್ಟಿದ ಮೊದಲ ಕೆಲವು ಗಂಟೆ ಮತ್ತು ಆಸ್ಪತ್ರೆಯ ವಿಶೇಷ ಆರೈಕೆ ಬಿಟ್ಟರೆ ಮನೆಯೊಳಗೆ ಟೋಪಿ ಬೇಡ ಅಂತಲೇ ಇದೆ. ಕುಲಾವಿ ಹೊರಗೆ ಹೋಗುವಾಗ, ಎಚ್ಚರ ಇರುವಾಗ.

ಸ್ವೆಟರ್ ಮುಂದೆ ಪೂರ್ತಿ ತೆರೆಯುವ ಹಾಗಿರಲಿ. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ತಲೆಯ ಮೇಲಿಂದ ಹಾಕುವ ಬಟ್ಟೆ ಕಂಡರೆ ಅಳು ಶುರು.

ಬಣ್ಣದುಂಡೆ ಬರೆದದ್ದು:

ಇದನ್ನು ತಂಗಿಗೂ ಓದಿ ಹೇಳುತ್ತೇನೆ. ಹಾಗಾದರೆ ಮುಂದೆ ತೆರೆಯುವ ಗಾರ್ಟರ್ ಸ್ವೆಟರ್, ಕೆನೆಬಿಳಿ ಅಂಚು, ಕಡುಗೆಂಪು ತೊಳೆದು ನೋಡಿದ ಮೇಲೆ. ಅಳತೆ ಯಾವುದು ಹಾಕಲಿ, ಹುಟ್ಟಿದ ಮಗುವಿನದೇ?

ಗಾರ್ಟರ್‌ಮನೆ ಉತ್ತರಿಸಿದ್ದು:

ಬೇಡ, 6 ತಿಂಗಳಿನದು ಹಾಕಿ. ಹುಟ್ಟಿದ ಮಗುವಿನ ಅಳತೆ ಕೆಲವೇ ವಾರಕ್ಕೆ ಚಿಕ್ಕದಾಗುತ್ತದೆ. ಎದೆಯ ಸುತ್ತಳತೆ 48 ಸೆಂ.ಮೀ. ಬರಲಿ. ತೋಳು ಉದ್ದ ಮಾಡಿ, ಮೊದಮೊದಲು ಮಡಚಿ ಹಾಕಿದರಾಯಿತು. ಹೆರಿಗೆಯ ತಿಂಗಳಿಗೆ ಆರು ಕೂಡಿಸಿ ನೋಡಿ, ಆಗ ಸೆಕೆಗಾಲ ಆದರೆ 9 ತಿಂಗಳ ಅಳತೆಗೆ ಹೋಗಿ. ಕೆನೆಬಿಳಿ ಮಾತ್ರ 50ರ ಬದಲು 100 ಗ್ರಾಂ ತನ್ನಿ, ಗುಂಡಿ ಪಟ್ಟಿ ಅಂದುಕೊಂಡದ್ದಕ್ಕಿಂತ ಜಾಸ್ತಿ ತಿನ್ನುತ್ತದೆ. ಉಳಿದದ್ದು ಕುಲಾವಿಗೆ ಬರುತ್ತದೆ.