ಪ್ರಾಕ್ಸಿ ಕೊಡುವ ಹಳೇ ಪುಟಕ್ಕೆ ಏನನ್ನೋಣ? ನಾಳೆಯೊಳಗೆ ಬೇಕು

ಕಲಬುರಗಿಯಿಂದ:
ನಮಸ್ಕಾರ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಒಂದು ನೋಟಿಸ್ ಬರೆಯಬೇಕು. ಒಳಗಿನ ಸೈಟ್ ಇನ್ನೂ ಬರೀ ಎಚ್‌ಟಿಟಿಪಿ, ಗುಟ್ಟಾಗಿ ಕಳಿಸುವ ಎಚ್‌ಟಿಟಿಪಿಎಸ್ ಅಲ್ಲ, ಹಾಗಾಗಿ ನಡುವಿನವರು ಪುಟದ ಪ್ರತಿ ಇಟ್ಟುಕೊಳ್ಳಬಹುದು. ಪರೀಕ್ಷೆಯ ವೇಳಾಪಟ್ಟಿ ಸೋಮವಾರ ಬದಲಾಯಿತು. ಲ್ಯಾಬಿನ ಪ್ರಾಕ್ಸಿ (ಪುಟಗಳನ್ನು ತಂದು, ಪ್ರತಿ ಇಟ್ಟುಕೊಂಡು ಹಂಚುವ ನಡುವಿನ ಸರ್ವರ್) ಮಾತ್ರ ಬುಧವಾರದ ತನಕ ಹಳೇದನ್ನೇ ತೋರಿಸಿತು. ಮೂವರು ಹುಡುಗರು ತಪ್ಪು ದಿನ ಬಂದು ಕೂತಿದ್ದರು. ಇಂಥ ಪುಟಕ್ಕೆ ಇಂಗ್ಲಿಷಿನಲ್ಲಿ ‘ಸ್ಟೇಲ್’ ಅಂತಾರೆ. ನಾನು ‘ಹಳಸಿದ ಪುಟ’ ಅಂತ ಬರೆದರೆ ಪ್ರಿನ್ಸಿಪಾಲರು ನಕ್ಕುಬಿಟ್ಟರು. ಬೆಳಗ್ಗೆ ಅಂಟಿಸಬೇಕು, ಬೇಗ ಹೇಳಿ.

ಬೀದರಿನಿಂದ:
ನಕ್ಕಿದ್ದು ಸರಿಯೇ ಮೇಡಂ. ಹಳಸಿದ್ದನ್ನು ಚೆಲ್ಲುತ್ತಾರೆ. ಸ್ಟೇಲ್ ಪುಟವನ್ನು ಚೆಲ್ಲಬೇಕಿಲ್ಲ. ಸರ್ವರ್ ‘ಮ್ಯಾಕ್ಸ್-ಏಜ್ 86400’ ಅಂತ ಹೇಳಿ ಕಳಿಸಿದರೆ ಆ ಪುಟ ಅಷ್ಟು ಸೆಕೆಂಡು, ಅಂದರೆ ಒಂದು ದಿನ, ತಾಜಾ. ಆಮೇಲೆ ಕೆಟ್ಟಿತು ಅಂತಲ್ಲ, ಕೇಳಿ ಬಡಿಸಬೇಕು ಅಂತ. ಪ್ರಾಕ್ಸಿ ಮೂಲ ಸರ್ವರನ್ನು ಕೇಳುತ್ತದೆ. 304, ಅಂದರೆ ‘ಬದಲಾಗಿಲ್ಲ’, ಅಂತ ಉತ್ತರ ಬಂದರೆ ತನ್ನ ಹತ್ತಿರ ಇರುವ ಪ್ರತಿಯನ್ನೇ ಕೊಡುತ್ತದೆ. ರಾತ್ರಿ ಉಳಿದ ರೊಟ್ಟಿ ಬೆಳಗ್ಗೆ ಮೊಸರಿನ ಜೊತೆ ತಿನ್ನಲ್ವಾ? ‘ತಂಗಳು ಪುಟ’ ಅನ್ನಿ.

ಸೇಡಂನಿಂದ:
ಒಪ್ಪಲಾಗದು. ತಂಗಳು ಅಂದರೆ ತಣ್ + ಕೂಳ್. ಪುಟದಲ್ಲಿ ಎಲ್ಲಿಯ ಕೂಳು? ಸೇರಿಸಿ ಬರೆದರೆ ಅರಿಸಮಾಸ ಬೇರೆ. ಅದು ಹೋಗಲಿ, ‘ತಾಜಾ’ ಯಾವ ಊರ ಕನ್ನಡ?

ಬೀದರಿನಿಂದ:
ಬಿಡಿಸಿಯೇ ಬರೆದಿದ್ದೆ, ಕಣ್ಣು ಬಿಟ್ಟು ಓದಿ. ತಾಜಾ ನಮ್ಮೂರ ಕನ್ನಡ. ಸಂತೆಗೆ ಹೋಗಿ ‘ಹೊಚ್ಚ ಹೊಸ ಕಾಯಿಪಲ್ಲೆ ಕೊಡಿ’ ಅಂತ ಕೇಳಿ ನೋಡಿ. 1948ರ ತನಕ ಇಲ್ಲಿಯ ಸರಕಾರಿ ಕಾಗದ ಉರ್ದುವಿನಲ್ಲೇ ನಡೆಯಿತು, ಮಾತು ಉಳಿದುಕೊಂಡಿತು. ಜಿಲ್ಲೆ, ತಾಲೂಕು, ಅರ್ಜಿ, ದಾಖಲೆ ಇವೂ ಆಚೆಯಿಂದ ಬಂದವೇ. ಇವನ್ನೆಲ್ಲ ಬಿಟ್ಟು ತಹಶೀಲ್ದಾರರಿಗೆ ಒಂದು ಅರ್ಜಿ ಬರೆದು ತೋರಿಸಿ.

ಸೇಡಂನಿಂದ:
ತಹಶೀಲ್ದಾರರೂ ಬೇಡ.

ಯಾದಗಿರಿಯಿಂದ:
ಇಬ್ಬರೂ ಸುಮ್ನೆ ಜಗಳ ಆಡ್ತಾ ಇದ್ದೀರಿ. ಮೇಡಂ ಹೇಳಿದ ಪುಟ ಸ್ಟೇಲ್ ಆಗಿರಲೇ ಇಲ್ಲ ಅನಿಸುತ್ತದೆ. ಪ್ರಾಕ್ಸಿ ಲೆಕ್ಕದಲ್ಲಿ ಅದು ತಾಜಾನೇ, ಇಲ್ಲದಿದ್ದರೆ ಮೂಲ ಸರ್ವರನ್ನು ಕೇಳುತ್ತಿತ್ತು. ಸರ್ವರ್ ಅವಧಿ ಹೇಳದೆ ಕಳಿಸಿದರೆ ಪ್ರಾಕ್ಸಿ ತಾನೇ ಅಂದಾಜು ಹಾಕುತ್ತದೆ. ಪುಟ ತಿದ್ದಿ ಎಷ್ಟು ದಿನ ಆಗಿತ್ತೋ ಅದರ ಶೇ. 10 ಅನ್ನೋದು ರೂಢಿಯ ಲೆಕ್ಕ. 20 ದಿನದಿಂದ ಯಾರೂ ಮುಟ್ಟದ ಪುಟಕ್ಕೆ 2 ದಿನ. ಸೋಮವಾರದಿಂದ ಬುಧವಾರ, ಲೆಕ್ಕ ಕೂಡಿತಲ್ಲ? ತಂಗಳೂ ಬೇಡ, ಹಳಸಿದ್ದೂ ಬೇಡ. ‘ಹಳೇ ಪ್ರತಿ’ ಅಂದರೆ ಹುಡುಗರಿಗೆ ತಿಳಿಯುತ್ತದೆ. ಸೈಟ್ ನೋಡಿಕೊಳ್ಳುವವರಿಗೆ ಅವಧಿ ಹಾಕಲು ಹೇಳಿ, ನೋಟಿಸೇ ಬೇಕಾಗಲಿಕ್ಕಿಲ್ಲ.

ಕಲಬುರಗಿಯಿಂದ:
ಅವರಿಗೆ ಹೇಳಿ ಆರು ತಿಂಗಳಾಯಿತು ಸರ್. ಹೀಗೆ ಬರೆದೆ: ‘ನೀವು ನೋಡುತ್ತಿರುವುದು ಹಳೇ ಪ್ರತಿ ಇರಬಹುದು. ಕಂಟ್ರೋಲ್ ಹಿಡಿದು ಎಫ್5 ಒತ್ತಿ. ತಾಜಾ ಪುಟ ಬರುತ್ತದೆ.’

ಸೇಡಂನಿಂದ:
ತಾಜಾ ತೆಗೆಯಿರಿ.

ಕಲಬುರಗಿಯಿಂದ:
ಅಂಟಿಸಿ ಆಯ್ತು ಸರ್.