ವಿಮಾನದ ಕ್ಯಾಬಿನ್ನಿಗೆ ‘ಪ್ರವೇಶಯೋಗ್ಯ’ವೋ ‘ಸುಗಮ್ಯ’ವೋ?

ಅಂಗವಿಕಲ ಪ್ರಯಾಣಿಕರಿಗೆ ಅನುವಾಗುವಂತೆ ವಿಮಾನದ ಕ್ಯಾಬಿನ್ನನ್ನು ರೂಪಿಸುವ ಕುರಿತಾದ ಬರಹವೊಂದನ್ನು ಕನ್ನಡಕ್ಕೆ ತರುವಾಗ ‘ಆ್ಯಕ್ಸೆಸಿಬಲ್’ ಎಂಬ ಪದದ ಬಳಿ ತಡವರಿಸಿದ್ದೇನೆ. ಬಲ್ಲವರು ಪರಿಹಾರ ಸೂಚಿಸಬೇಕೆಂದು ಕೋರುತ್ತೇನೆ.

‘ಪ್ರವೇಶಯೋಗ್ಯ’ ಎಂಬುದು ಬಾಗಿಲು ದಾಟುವುದನ್ನಷ್ಟೇ ಹೇಳುತ್ತದೆ. ಕ್ಯಾಬಿನ್ನಿನಲ್ಲಿ ತೊಡಕು ಮೊದಲಾಗುವುದೇ ಬಾಗಿಲು ದಾಟಿದ ಮೇಲೆ. ಅಮೆರಿಕದ ವಿನ್ಯಾಸ ನಿಯಮದಂತೆ, 20 ಅಥವಾ ಹೆಚ್ಚು ಆಸನಗಳಿರುವ ವಿಮಾನದಲ್ಲಿ ಆಸನಸಾಲುಗಳ ನಡುವಣ ಹಾದಿ ನೆಲದಿಂದ 25 ಅಂಗುಲ ಎತ್ತರದವರೆಗೆ 15 ಅಂಗುಲ ಅಗಲವಿದ್ದರೆ ಸಾಕು. ಸಾಮಾನ್ಯ ಗಾಲಿಕುರ್ಚಿ ಅಲ್ಲಿ ಹಿಡಿಸದ ಕಾರಣ ಪ್ರಯಾಣಿಕರು ಮೊದಲು ಕಿರಿದಾದ ಇನ್ನೊಂದು ಗಾಲಿಕುರ್ಚಿಗೆ, ಆಮೇಲೆ ಅದರಿಂದ ತಮ್ಮ ಆಸನಕ್ಕೆ ಸರಿಯಬೇಕಾಗುತ್ತದೆ. ಹಾದಿಯ ಬದಿಯ ತೋಳೊರಗನ್ನು ಮೇಲೆತ್ತಲು ಬಾರದಿದ್ದರೆ, ಸರಿಯುವ ಮಾತು ಹಾಗಿರಲಿ, ಅವರನ್ನು ಅದರ ಮೇಲಿಂದ ಎತ್ತಿಯೇ ಕೂರಿಸಬೇಕು.

‘ಸುಗಮ್ಯ’ ಇದಕ್ಕಿಂತ ಮೇಲು. ಆದರೂ ಸುಲಭವಾಗಿ ತಲುಪುವುದೇ ಅದರ ಮೂಲಾರ್ಥವಾದ್ದರಿಂದ, ಶೌಚಾಲಯದ ಬಾಗಿಲವರೆಗೆ ತಲುಪಿದವರು ಒಳಗೆ ಹೊರಳಲಾಗದೆ ಉಳಿಯುವ ಸ್ಥಿತಿಯನ್ನು ಅದು ಮುಟ್ಟುವುದಿಲ್ಲ. ಒಂದೇ ನಡುಹಾದಿಯ ವಿಮಾನಗಳ ಶೌಚಾಲಯಕ್ಕಾಗಿ ಅಮೆರಿಕ 2023ರಲ್ಲಿ ಹೊರಡಿಸಿದ ನಿಯಮ ಇಲ್ಲಿ ಗಮನಾರ್ಹ: ವಿಮಾನದೊಳಗಿನ ಗಾಲಿಕುರ್ಚಿಯ ನೆರವಿನಿಂದ ಸಮೀಪಿಸುವುದು, ಒಳಹೋಗುವುದು, ಒಳಗೆ ಹೊರಳಿಕೊಳ್ಳುವುದು, ಅಲ್ಲಿನ ಸೌಕರ್ಯಗಳನ್ನು ಬಳಸುವುದು, ಹೊರಬರುವುದು ಎಂದು ಅದು ಒಂದೇ ಗುಣವಾಚಕವನ್ನು ಕ್ರಿಯಾಪದಗಳಾಗಿ ಬಿಡಿಸಿ ಹೇಳುತ್ತದೆ. ಕನ್ನಡದ ಜಾಯಮಾನಕ್ಕೆ ಈ ದಾರಿಯೇ ಹೆಚ್ಚು ಒಗ್ಗುತ್ತದೆಂದು ನನಗೆ ತೋರುತ್ತದೆ. ಶೀರ್ಷಿಕೆಯಲ್ಲಿ ‘ಎಲ್ಲರ ಬಳಕೆಗೆ ಒದಗುವ ಕ್ಯಾಬಿನ್’ ಎಂದು ಬರೆದು, ಒಳಗೆ ಕರೆಗುಂಡಿಗೆ ‘ಕೈಗೆಟಕುವ’, ಶೌಚಾಲಯಕ್ಕೆ ‘ಹೊರಳಲು ಎಡೆಯಿರುವ’ ಎಂದು ಆಯಾ ಸಂದರ್ಭಕ್ಕೆ ತಕ್ಕ ಕ್ರಿಯೆಯನ್ನು ಬಳಸಬಹುದೇ? ‘ಅಂಗವಿಕಲಸ್ನೇಹಿ’ಯನ್ನು ನಾನು ಕೈಬಿಟ್ಟಿದ್ದೇನೆ, ಅಳತೆಯ ವಿಷಯದಲ್ಲಿ ಸ್ನೇಹದ ಮಾತು ಸಲ್ಲದು.

ಇದರ ಜೊತೆಗೆ ಇನ್ನೊಂದು ಸಂದೇಹವಿದೆ. ಗಾಲಿಕುರ್ಚಿ ಬೇಕೆನ್ನುವವರನ್ನು ವಿಮಾನಯಾನದಲ್ಲಿ ಮೂರು ಸಂಕೇತಗಳಿಂದ ಗುರುತಿಸುತ್ತಾರೆ: ಮೆಟ್ಟಿಲನ್ನೂ ಹತ್ತಬಲ್ಲವರು, ಮೆಟ್ಟಿಲು ಹತ್ತಲಾಗದಿದ್ದರೂ ಕ್ಯಾಬಿನ್ನಿನಲ್ಲಿ ನಡೆಯಬಲ್ಲವರು, ಆಸನದವರೆಗೂ ನೆರವು ಬೇಕಾದವರು. ಕೊನೆಯವರಿಗೆ ಬೇಕಾಗುವ ಕಿರಿದಾದ ಕುರ್ಚಿಗೂ ‘ಗಾಲಿಕುರ್ಚಿ’ ಎಂದೇ ಬರೆದರೆ, ಅದು ಪ್ರಯಾಣಿಕರ ಸ್ವಂತ ಕುರ್ಚಿಯೆಂಬ ತಪ್ಪು ಗ್ರಹಿಕೆಗೆ ಎಡೆಯಾಗುತ್ತದೆ. ‘ಓಣಿಕುರ್ಚಿ’ ಎಂದರೆ ಊರಿನ ಓಣಿ ಕಣ್ಣಮುಂದೆ ಬರುತ್ತದೆ. ‘ನಡುಹಾದಿ ಕುರ್ಚಿ’ ಎಂಬುದನ್ನು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಚಿಕ್ಕದಾದ, ಬಳಕೆಯಲ್ಲಿರುವ ಪದವಿದ್ದರೆ ದಯವಿಟ್ಟು ತಿಳಿಸಿ.